ಮೂವತ್ತೈದರಲ್ಲೊಂದು ಪಾಲು

ಭಾಯ್‌ಖಳಾ ಸ್ಟೇಷನ್ನಿನ ಪೂರ್ವಕ್ಕೆ, ಎರಡನೇ ಮಾಳಿಗೆಯಲ್ಲಿ
ಹಲ್ಲು ಮಾಡುವ ನನ್ನ ಕೋಣೆ.
ಡಾಕ್ಟರ್ ಕಾಂಟ್ರಾಕ್ಟರ್ ಬಾಯಿಗಳ ಅಚ್ಚು ಕಳಿಸುತ್ತಾರೆ.
ನಾನು ಮೇಣದಲ್ಲಿ ವಸಡು ಕಟ್ಟಿ, ಹದಿನಾಲ್ಕು ಹಲ್ಲು ಕೂರಿಸಿ,
ಬೇಯಿಸಿ, ಉಜ್ಜಿ, ಹೊಳಪಿಟ್ಟು
ನೀರಿನ ಡಬ್ಬಿಯಲ್ಲಿ ವಾಪಸು ಕಳಿಸುತ್ತೇನೆ.
ಇಪ್ಪತ್ತೆರಡು ವರ್ಷ. ನಗುವ ಮುಖ ನೋಡಿದ್ದು ಕಡಿಮೆ.

ಏಳರ ನಂತರ ಅದೇ ಮೇಜು, ಅದೇ ದೀಪ,
ಅದೇ ಮೇಣದ ಚಾಕು. ಟ್ಯಾಂಕು.

ಬೂದು ಚೌಕಟ್ಟಿನಲ್ಲಿ ಕಾಯಿ ಜೋತ ಹಾಗೆ ಬಿಡಿಭಾಗ.
ಚಕ್ರ, ಚಕ್ರದ ಹಿಂದೆ ಚಕ್ರ,
ಸರಪಳಿಗೆ ಒಂದು ಪಕ್ಕಕ್ಕೇ ಎಂಬತ್ತಾರು ಕೊಂಡಿ,
ಒಂದೊಂದನ್ನೂ ಕತ್ತರಿಸಬೇಕು, ಒಂದೊಂದನ್ನೂ ಉಜ್ಜಬೇಕು.
ಆಯಸ್ಕಾಂತದ ಬಾಂಬು ಕಚ್ಚದಿರಲಿ ಎಂದು
ಪ್ಯಾಂಥರಿನ ಮೈಗೆ ಅವರು ಗಾರೆಯಂಥ ಲೇಪ ಬಳಿದು
ಹಸಿಯಿರುವಾಗಲೇ ಗೀರು ಹಾಕುತ್ತಿದ್ದರಂತೆ.
ನಾನು ಹಲ್ಲಿನ ಪುಟ್ಟಿ ಬಳಿದು ಗೀರುತ್ತೇನೆ.
ವಸಡಿನ ಏರಿಳಿತ ತಿದ್ದಿದ ಕೈ, ಸಾಲು ತಪ್ಪುವುದಿಲ್ಲ.

ಕಸ್ತೂರಿ ಫೋನಿನಲ್ಲಿ:
“ಮಂದೀನ ಕೊಂದ ಗಾಡಿ ಕುಂತು ಒರಸ್ತೀರಿ,
ಮನ್ಯಾಗಿನ ಮಿಕ್ಸರ್ ಕೆಟ್ಟು ತಿಂಗಳಾತು.”
ಹುಕ್ಕೇರಿಯವಳು. ಅವಳ ಮಾತಿಗೆ ಹೊಳಪು ಬೇಕಿಲ್ಲ.

ಕೊಂದ ಗಾಡಿ, ಹೌದು.
ಆದರೆ ಎಲ್ಲವನ್ನೂ ಮೂವತ್ತೈದರಿಂದ ಭಾಗಿಸಿದ್ದಾರಲ್ಲ!
ತೋಪು ಗೇಣುದ್ದ, ಸಲಿಕೆ ಅಕ್ಕಿಕಾಳಿಗಿಂತ ತುಸು ದೊಡ್ಡದು.
ಶೇಷ ಎಷ್ಟು ಉಳಿಯಿತೆಂದು
ಪೆಟ್ಟಿಗೆಯ ಮೇಲೆ ಬರೆದಿಲ್ಲ.

ಶನಿವಾರ ಬನ್ನಿ ಎಂದರೆ ಆಗದು ಎಂದಿದ್ದ ಅಜ್ಜಿ
ರವಿವಾರ ಸಂಜೆ ಮಾಳಿಗೆ ಹತ್ತಿ ತಾವೇ ಬಂದರು.
ಕೆಳದವಡೆಯ ಸೆಟ್ಟು ಎಡಕ್ಕೆ ಚುಚ್ಚುತ್ತದಂತೆ.
ಡಬ್ಬಿಯ ಮೇಲಿನ ಹೆಸರನ್ನು ಅವತ್ತೇ ಸರಿಯಾಗಿ ಓದಿದೆ:
ಫ್ಲೋರಾ ಸ್ಯಾಮ್ಸನ್ ತಳ್ಕರ್.
ಓದಿದ್ದೇ, ನನ್ನ ಕೈ ತಾನಾಗಿ ಕಪಾಟಿಗೆ ಹೋಗಿ
ಮರಳುಬಣ್ಣದ ಹಳೆಯ ಟ್ಯಾಂಕನ್ನು
ಶಿಲುಬೆ ಕಾಣದ ಹಾಗೆ ಗೋಡೆಗೆ ತಿರುಗಿಸಿತು.

ಅಜ್ಜಿ ನೋಡಿದರು.
ಎದ್ದು ಹೋಗಿ ಅದನ್ನು ಮತ್ತೆ ಈಚೆ ತಿರುಗಿಸಿ,
ಎರಡೂ ಅಂಗೈಯಲ್ಲಿ ಎತ್ತಿ ಬೆಳಕಿಗೆ ಹಿಡಿದರು.
ಮರಾಠಿಯಲ್ಲಿ, ಹಲ್ಲಿಲ್ಲದ ಬಾಯಲ್ಲಿ:
“ಧೂಳು ಚೆನ್ನಾಗಿ ಮಾಡಿದ್ದೀರಿ.”

ಅವರಪ್ಪ ಸ್ಯಾಮ್ಸನ್, ಖಡಕಿಯಿಂದ ಹೊರಟ ಸ್ಯಾಪರ್,
ಆಫ್ರಿಕದ ಮರಳಲ್ಲಿ ಹೊಟ್ಟೆ ಮೇಲೆ ತೆವಳಿ
ನೆಲಬಾಂಬು ಹುಡುಕುತ್ತಿದ್ದವರು.
ಮರಳಿ ಬಂದು ನಲವತ್ತು ವರ್ಷ ಆಗ್ರಿಪಾಡಾದಲ್ಲಿ
ಜುಲೈ ತಿಂಗಳ ಕೆಸರಿನಲ್ಲೂ
ಚಪ್ಪಲಿ ಕೊಡವಿಯೇ ಮೆಟ್ಟುತ್ತಿದ್ದರಂತೆ.
“ಅಮ್ಮ ನಗುತ್ತಿದ್ದಳು. ನಾವೂ.
ಒಳಗೆ ಯಾರಿದ್ದಾರೆ?”
ಯಾರೂ ಇಲ್ಲ ಎಂದೆ. ಟೊಳ್ಳು.
“ಹಾಗೆಲ್ಲ ಇರುವುದಿಲ್ಲ,” ಎಂದು ಕಪಾಟಿನಲ್ಲಿಟ್ಟರು,
ಗಾಜಿನ ಬಳೆ ಇಟ್ಟ ಹಾಗೆ.

ನೀಲಿ ಕಾಗದ ಕಚ್ಚಿಸಿದೆ. ಎಡಗಡೆ ಕಲೆ ಬಿತ್ತು.
ಕೂದಲೆಳೆಯಷ್ಟು ಉಜ್ಜಿದೆ. ಮತ್ತೆ ಕಚ್ಚಿಸಿದೆ.
“ಈಗ?” “ಈಗ ಸರಿ.”
ಐವತ್ತರ ನೋಟು ಕೊಡಬಂದರು, ಬೇಡವೆಂದೆ.
ಬೈದು, ಮೇಜಿನ ಮೇಲೆ ಇಟ್ಟೇ ಇಳಿದರು.

ಪ್ಯಾಂಥರಿನ ದಳಪತಿ ಇನ್ನೂ ಚೌಕಟ್ಟಿನಲ್ಲೇ ಇದ್ದಾನೆ,
ಸೊಂಟದಿಂದ ಮೇಲೆ ಮಾತ್ರ, ಬಾಯಿ ತೆರೆದು
ಏನೋ ಕೂಗುತ್ತ.
ಭೂತಗನ್ನಡಿ ಹಾಕಿ ಇಣುಕಿದೆ. ಹಲ್ಲಿಲ್ಲ.
ಈ ಅಳತೆಗೆ ಹಲ್ಲು ಯಾರೂ ಕೊಡಲಾರರು,
ನಾನೂ.
ತುದಿಕುಂಚದಿಂದ ಒಂದು ಬಿಳಿ ಚುಕ್ಕೆ ಇಡಬಹುದು, ಅಷ್ಟೆ.
ಇಡಲಿಲ್ಲ. ಕತ್ತರಿಸಲೂ ಇಲ್ಲ.

ಒಂಬತ್ತರ ಸ್ಲೋ ಲೋಕಲ್ ತಪ್ಪಿತ್ತು.
ದೀಪ ಆರಿಸುವ ಮೊದಲು ಡ್ರಾಯರಿನಲ್ಲಿ ತಡಕಿ
ಮಿಕ್ಸರಿಗೆ ಹೊಂದಬಹುದಾದ ರಬ್ಬರ್ ವಾಶರೊಂದನ್ನು
ಜೇಬಿಗೆ ಹಾಕಿಕೊಂಡೆ.