ಕಾಲು ವೋಲ್ಟು

ಹಳೆ ಬಂದರಿನ ದಕ್ಕೆಯಲ್ಲಿ, ಸಂಘದ ತಗಡಿನ ಮಾಡಿನ ಕೆಳಗೆ
ಎರಡು ಕಪ್ಪು ಪೆಟ್ಟಿಗೆ. ಹೊಟ್ಟೆಯೊಳಗೇ ಆಂಪ್ಲಿಫೈಯರ್ ಉಂಟು,
ತಂತಿ ಚುಚ್ಚಿದರೆ ಸಾಕು ಎಂದಿದ್ದ ಮಾರಿದವ.
ಸುಳ್ಳಲ್ಲ. ಪೂರಾ ನಿಜವೂ ಅಲ್ಲ.

ನಸುಕಿನ ನಾಲ್ಕಕ್ಕೆ, ಫೋನಿನಲ್ಲಿ ಹಿಡಿದಿಟ್ಟ ನನ್ನದೇ ದನಿ:
ಐಸು ಬಂದಿದೆ, ಡೀಸೆಲ್ಲಿಗೆ ಟೋಕನ್ನು ಮೂವತ್ತರಿಂದ,
ತೆಂಕು ಗಾಳಿ ಜೋರುಂಟು, ಸಣ್ಣ ದೋಣಿ ಇಳಿಸಬೇಡಿ.
ಅದರ ಮೊದಲೂ, ಅದರ ಹಿಂದೆಯೂ, ಅದು ಮುಗಿದ ಮೇಲೂ
ಸ್ಸ್ಸ್ಸ್
ದೋಸೆ ಕಾವಲಿಗೆ ನೀರು ಚಿಮುಕಿಸಿದ ಹಾಗೆ.
ಬಂಗುಡೆ ಆಯುತ್ತಿದ್ದ ಹೆಂಗಸರು ಕೇಳಿದರು:
"ಎಂತ ಯಮುನಾ, ಪೆಟ್ಟಿಗೆಯಲ್ಲಿ ಕೇರೆ ಸಾಕಿದ್ದೀಯಾ?"

ಕಂಕನಾಡಿಯಿಂದ ಬೊನಿಫಾಸ್ ಲಸ್ರಾದೊ ಬಂದ,
ಸ್ಕೂಟರಿನ ಮೇಲೆ, ಮೊಣಕಾಲ ನಡುವೆ ಚೀಲ.
ಪೆಟ್ಟಿಗೆ ಬಿಚ್ಚಲೇ ಇಲ್ಲ. ಅದಕ್ಕೆ ನನಗೆ ಸಿಟ್ಟು,
ಬಿಚ್ಚದ ಕೆಲಸಕ್ಕೆ ಇನ್ನೂರು ರೂಪಾಯಿ ಯಾವ ಲೆಕ್ಕದಲ್ಲಿ ಬರೆಯಲಿ?
ಫೋನಿನ ತಂತಿಯ ತುದಿಗೆ ಮೀಟರಿನ ಮುಳ್ಳು ಮುಟ್ಟಿಸಿ,
"ನೋಡಿ ಮಾರಾಯ್ರೆ, ಕಾಲು ವೋಲ್ಟೂ ಇಲ್ಲ.
ಇದು ಕೇಳುವುದು ಒಂದೂವರೆ, ಎರಡು.
ನೀವು ಅಂಗಳದಲ್ಲಿ ನಿಂತು ಪಿಸುಗುಟ್ಟುತ್ತೀರಿ,
ಇದು ಪಾಪ, ಕೇಳಿದ್ದಷ್ಟನ್ನು ಊರಿಗೆಲ್ಲ ಕೂಗಬೇಕು.
ಕೂಗುವಾಗ ತನ್ನ ಏದುಸಿರನ್ನೂ ಸೇರಿಸಿ ಕೂಗುತ್ತದೆ.
ಬೇರೆ ಎಂತ ಮಾಡುವುದು?"

ಹಿಂದಿನ ಗುಂಡಿಯನ್ನು ತಿರುಗಿಸಿ ತಿರುಗಿಸಿ
ಹತ್ತಕ್ಕೆ ತಂದವಳು ನಾನೇ.
ಜೋರಾಗಬೇಕಾದದ್ದು ಅಲ್ಲಲ್ಲವಂತೆ. ಹೊರಡುವಲ್ಲಿ.

ಹೊರಡುವಲ್ಲಿ.

ಹತ್ತೊಂಬತ್ತು ವರ್ಷ ಮಹಾಸಭೆಯಲ್ಲಿ ನಾನು ಮೆಲ್ಲಗೆ ಓದಿದ ಲೆಕ್ಕವನ್ನು
ಅಧ್ಯಕ್ಷ ದೇಜು ಸಾಲ್ಯಾನರು ಜೋರಾಗಿ ಹೇಳಿದ್ದಾರೆ:
"ಯಮುನ ಹೇಳುವುದು ಎಂತದೆಂದರೆ..."
ಆ ವರ್ಷ ಎರಡು ಸಾವಿರ ತಾಳೆಯಾಗುವುದಿಲ್ಲ ಎಂದಿದ್ದೆ, ಅಷ್ಟೇ.
ಅವರ ಬಾಯಿಂದ ಹೊರಬೀಳುವಾಗ
ಐಸಿನ ಹುಡುಗ ಲತೀಶ ಕದ್ದ ಎಂದಾಗಿತ್ತು.
ಮರುದಿನದಿಂದ ಲತೀಶ ದಕ್ಕೆಗೆ ಬರಲಿಲ್ಲ.
ಹಣ ಆಮೇಲೆ ಸಿಕ್ಕಿತು. ಕೂಡಿಸುವಾಗ ಒಂದು ಸಾಲು ಬಿಟ್ಟಿದ್ದೆ.
ಸಿಕ್ಕಿತು ಎಂದೂ ಹೇಳಿದ್ದೆ,
ಕಾಲು ವೋಲ್ಟಿನಲ್ಲಿ.

ಮಂಗಳವಾರ ಬೊನಿಫಾಸ್ ಬೆಂಕಿಪೆಟ್ಟಿಗೆಯಷ್ಟರ ಡಬ್ಬಿ ತಂದ.
ಫೋನಿಗೂ ಸ್ಪೀಕರಿಗೂ ನಡುವೆ ಕೂತು ಅದು
ಮೂರು ವೋಲ್ಟಿನವರೆಗೂ ಕೊಡುತ್ತದಂತೆ.
ನಾನು ಆಸೆಬುರುಕಿ. ಕೊನೆಯವರೆಗೂ ಏರಿಸಿದೆ.
"ಟೋಕನ್ನು" ಎಂಬುದು ಹರಿದ ತಗಡಾಗಿ ಬಂತು.
ಸ್ಪೀಕರಿನ ಗುಂಡಿ ತಗ್ಗಿಸಿದೆ: ಸಣ್ಣ ಹರಿದ ತಗಡು.
"ಒಳಗೆ ಬರುವ ಬಾಗಿಲಿಗೂ ಒಂದು ಎತ್ತರ ಉಂಟಲ್ಲ,"
ಅವನು ಚಾ ಊದುತ್ತಾ ಹೇಳಿದ,
"ತಲೆ ತಗ್ಗಿಸದೆ ನುಗ್ಗಿದ ಅಲೆಯ ನೆತ್ತಿ ಅಲ್ಲೇ ಹೋಗುತ್ತದೆ.
ಹೋದ ನೆತ್ತಿ ಒಳಗೆ ಎಲ್ಲಿ ಸಿಗಬೇಕು?"
ಡಬ್ಬಿಯನ್ನು ಸ್ವಲ್ಪ ಇಳಿಸಿದ, ಸ್ಪೀಕರನ್ನು ಸ್ವಲ್ಪ ಏರಿಸಿದ.
ಕಿವಿ ಕೊಟ್ಟ. ಮತ್ತೆ ಒಂದು ಕೂದಲಷ್ಟು.
ಬಾಲ್ ಪೆನ್ನಿನಲ್ಲಿ ಎರಡೂ ಕಡೆ ಗೆರೆ ಎಳೆದು ಹೋದ.

ಆ ರಾತ್ರಿ ಹಿಡಿದದ್ದನ್ನು ನಾಲ್ಕು ಸಲ ಅಳಿಸಿದೆ.
ಒಂದರಲ್ಲಿ ಅತ್ತಿದ್ದೆ, ಎರಡರಲ್ಲಿ ಬೈದಿದ್ದೆ,
ಒಂದರಲ್ಲಿ ನೆರೆಮನೆಯ ನಾಯಿ.

ನಾಲ್ಕು ಗಂಟೆ. ಗುಂಡಿಗಳು ಗೆರೆಗೆ ಸರಿಯಾಗಿ.
ಒತ್ತಿದೆ. ಮೊದಲು ಏನೂ ಇಲ್ಲ.
ಕೇರೆ ಇಲ್ಲ, ಕಾವಲಿ ಇಲ್ಲ,
ದೋಣಿಯ ಹಗ್ಗ ಕಂಬಕ್ಕೆ ತಿಕ್ಕುವುದು ಕೇಳುವಷ್ಟು ಏನೂ ಇಲ್ಲ.
ಬಂಗುಡೆ ಆಯುವ ಕೈಗಳು ನಿಂತವು, ಹಾಳಾಯಿತೇನೋ ಎಂದು.

ಐಸು ಬಂದಿದೆ.
ಟೋಕನ್ನು ಹನ್ನೆರಡರಿಂದ.
ಆ ಎರಡು ಸಾವಿರ ತಪ್ಪಿದ್ದು ನನ್ನ ಕೂಡಿಕೆ. ಲತೀಶ ಕದ್ದದ್ದಲ್ಲ.
ಗಾಳಿ ಇಲ್ಲ, ದೋಣಿ ಇಳಿಸಬಹುದು.

ದೇಜು ಸಾಲ್ಯಾನರು ಒಳಗಿನಿಂದ ಬಂದರು, ಲುಂಗಿ ಬಿಗಿದುಕೊಳ್ಳುತ್ತಾ:
"ಯಮುನ ಹೇಳುವುದು ಎಂತದೆಂದರೆ..."

"ಕೇಳಿತು," ಎಂದರು ಹೆಂಗಸರು.