ಮುಕ್ಕಣ್ಣ ಪೆಟ್ಟಿಗೆ

ಗ್ಯುಮ್ರಿಯಲ್ಲಿ ಕೈಗಡಿಯಾರ ಕಟ್ಟುವವರೇ ಕಮ್ಮಿ ಈಗ.
ಮ್ಖಿತಾರನ ಅಂಗಡಿಗೆ ಜನ ಬರುವುದು
ಕೀಲಿಕೈಗೆ, ಛತ್ರಿಯ ಕಡ್ಡಿಗೆ,
ಇಲ್ಲವೇ ಅವನ ಎಡಗಣ್ಣು ಹೋದದ್ದು ಹೇಗೆಂಬ
ಹೊಸ ಕಥೆಗೆ.
ಸೋಮವಾರ ಅದನ್ನು ಹುಂಜ ಕುಕ್ಕಿತ್ತು.
ಗುರುವಾರ, ಕರ್ನಲ್ ಒಬ್ಬನಿಗೆ ಇಸ್ಪೀಟಿನಲ್ಲಿ ಸೋತಿದ್ದ.

ನಾನು ಹಲ್ಲಿನ ಡಾಕ್ಟರ ಕೈಕೆಳಗೆ ದುಡಿಯುವವಳು.
ಬಾಕಿ ತೀರಿಸಲಾಗದ ರೋಗಿಯೊಬ್ಬ ಬಿಟ್ಟುಹೋದ ಪೆಟ್ಟಿಗೆಯನ್ನು
ತಂದು ಅವನ ಮೇಜಿನ ಮೇಲಿಟ್ಟೆ:
ಲೆನಿನ್‌ಗ್ರಾದಿನ ಕಪ್ಪು ಬೇಕಲೈಟು,
ಮುಖದ ತುಂಬ ಮೂರು ಗಾಜು.
ನಡುವಿನದು ನಾವು ನೋಡಲು,
ಅಕ್ಕಪಕ್ಕದವು ಅದು ನೋಡಲು;
ಎಡಗಣ್ಣಿಗೊಂದು ಚಿತ್ರ, ಬಲಗಣ್ಣಿಗೊಂದು,
ಎರಡೂ ಕೂಡಿದರೆ ಆಳ.

ಮ್ಖಿತಾರ ಭೂತಗನ್ನಡಿಯನ್ನು ಬಲಗಣ್ಣಿಗೆ ಸಿಕ್ಕಿಸಿಕೊಂಡ.
"ಗಡಿಯಾರದವನಿಗೆ ಒಂದೇ ಕಣ್ಣು ಸಾಕು, ಅರ್ಪೆನಿಕ್.
ಇದನ್ನು ನೋಡು, ಮೂರಿದ್ದೂ ಕುರುಡು."

ಮೂರೂ ಗಾಜಿನ ಸುತ್ತ ಹಲ್ಲುಚಕ್ರ,
ಒಂದನ್ನು ತಿರುವಿದರೆ ಉಳಿದೆರಡೂ ತಿರುಗಬೇಕು.
ಅರವತ್ತು ಚಳಿಗಾಲದ ಗ್ರೀಸು
ಜೇನು ಕಲ್ಲಾದಂತೆ ಕೂತಿತ್ತು ಸಂದಿನಲ್ಲಿ.
ಹಲ್ಲು ಅಂದಮೇಲೆ ನನ್ನ ಕೆಲಸ.
ಕೊಕ್ಕೆ ತಂದೆ, ಸ್ಪಿರಿಟ್ಟು ತಂದೆ,
ಮೂರು ಸಂಜೆ ಕೆರೆದೆ.
"ಬಾಯಿ ಅಗಲಿಸಿ" ಎಂದೆ ಒಮ್ಮೆ, ಅಭ್ಯಾಸಬಲದಿಂದ.
ಅವನು ನಗಲಿಲ್ಲ. ಶಟರಿನ ತೆಳ್ಳನೆ ರೆಕ್ಕೆಗಳನ್ನು
ಲೈಟರಿನ ಪೆಟ್ರೋಲಿನಲ್ಲಿ ತೊಳೆಯುತ್ತಿದ್ದ,
ಉಸಿರು ಬಿಗಿಹಿಡಿದು.

ಮೊದಲ ರೀಲು ದಂಡ.
ಬೇಕಲೈಟಿನ ಒಳಗೋಡೆಯೇ ಹೊಳೆದು
ಬೆಳಕು ಅಲ್ಲೇ ಚೆಲ್ಲಾಡಿ, ಚಿತ್ರವೆಲ್ಲ ಹಾಲು.
ಒಂದು ದಿನ ಸುಮ್ಮನಿದ್ದ ಮ್ಖಿತಾರ. ಆಮೇಲೆ
ಅಣ್ಣನ ಕ್ಲಾರಿನೆಟ್ ಪೆಟ್ಟಿಗೆ ಬಿಚ್ಚಿ
ಒಳಗಿನ ಮಖಮಲ್ಲು ಕತ್ತರಿಸಿದ.
ನೀಲಿ ಅದು. ಬೂಟ್ ಪಾಲಿಶು ಹಚ್ಚಿ ಕಪ್ಪು ಮಾಡಿದೆವು.
ಅಣ್ಣನ ಬಗ್ಗೆ ಅವನಲ್ಲಿರುವುದು ಒಂದೇ ಕಥೆ,
ಅದನ್ನು ಹೇಳುವುದಿಲ್ಲ.
ಡಿಸೆಂಬರಿನಲ್ಲಿ ಊರೇ ಬಾಗಿಲು ಹಾಕುವ ದಿನ
ಅವನೂ ಹಾಕುತ್ತಾನೆ, ಅಷ್ಟೆ.

ಎರಡನೆಯ ರೀಲು. ಒಂದರಲ್ಲಿ ಆರೇ ಜೋಡಿ.
ಬೆನ್ನಿನ ಕೆಂಪು ಕಿಟಕಿಯಲ್ಲಿ
ಒಂದು, ಮೂರು, ಐದು, ಬೆಸ ಅಂಕಿಗೇ ನಿಲ್ಲಿಸಬೇಕು.
ಮರೆತು ನಾಲ್ಕಕ್ಕೆ ನಿಲ್ಲಿಸಿದೆ:
ಬೇಕರಿಯ ಬಲಗಣ್ಣಿನ ಮೇಲೆ
ನಾಯಿಯ ಎಡಗಣ್ಣು ಬಿತ್ತು.

ಕಡೆಯದನ್ನು ತೆಗೆದವನು ಮ್ಖಿತಾರ:
ತಗಡಿನ ಮನೆಗಳ ನಡುವೆ ಹಗ್ಗ,
ಬಟ್ಟೆ ಒಣಹಾಕುತ್ತಿರುವ ನನ್ನಮ್ಮ ಸಿರಾನುಷ್,
ಕೂದಲು ಕೆದರಿದೆ, ಬೇಡ ಅನ್ನಲಾಗದೆ,
ಬಾಯಲ್ಲಿ ಎರಡು ಕ್ಲಿಪ್ಪು.

ತೊಳೆದು ಒಣಗಿಸಿ ಅಚ್ಚು ತೆಗೆದೆವು.
ಎಡಬಲ ಅದಲುಬದಲಾಗಿ ಬರುವ ಚಿತ್ರ,
ಕತ್ತರಿಸಿ ಜಾಗ ಬದಲಿಸಿ ಅಂಟಿಸಬೇಕು.
ಬೂಟಿನ ಡಬ್ಬಿಗೆ ಎರಡು ಕನ್ನಡಕದ ಗಾಜು ಕೂರಿಸಿ
ಕಣ್ಣಿಟ್ಟೆ.
ಮೊದಲು ಎರಡು ಹಗ್ಗ, ಇಬ್ಬರು ಅಮ್ಮಂದಿರು.
ಕಣ್ಣು ಸಡಿಲಬಿಟ್ಟೆ.
ತೇಲಿ ಬಂದರು, ಕೂಡಿಕೊಂಡರು,
ಒದ್ದೆ ಅಂಗಿಯ ತೋಳು ನನ್ನ ಮೂಗಿಗೆ ತಾಗುವಂತೆ ತೂಗಿತು,
ಅದರ ಹಿಂದೆ ಗಾಳಿ,
ಗಾಳಿಯ ಹಿಂದೆ ಅಮ್ಮ, ಬಿರುಕುಬಿಟ್ಟ ಕರಿಗಲ್ಲ ಗೋಡೆ,
ಎಲ್ಲಕ್ಕೂ ಹಿಂದೆ ಅರಾಗಾತ್ಸ್ ಬೆಟ್ಟ.

"ನೋಡಲು ಎರಡು ಕಣ್ಣು ಸಾಲದು" ಎಂದುಬಿಟ್ಟೆ.
ನಾಲಿಗೆ ಕಚ್ಚಿಕೊಂಡೆ.

ಅವನು ಡಬ್ಬಿ ಇಸಿದುಕೊಂಡು ನೋಡಿದ, ಬಹಳ ಹೊತ್ತು.
"ಚೊಕ್ಕವಾಗಿದೆ. ಚಪ್ಪಟೆಯಾಗಿದೆ.
ನಾನು ಕಂಡದ್ದು ಅರ್ಧ, ಅರ್ಧ ಕೂಲಿ ಕೊಡು."
ಆಮೇಲೆ ಕೇಳಿದ: ತೋಳಿನಿಂದ ಸಿರಾನುಷ್‌ಗೆ ಎಷ್ಟು ದೂರ?
ಒಂದು ಗೇಣು, ಎಂದೆ.
ಅವಳಿಂದ ಗೋಡೆಗೆ?
ಅದಕ್ಕಿಂತ ಕಡಿಮೆ. ದಣಿದರೆ ಒರಗಬಹುದು ಅನ್ನುವಷ್ಟು.
ಬೆಟ್ಟ?
ಬೆಟ್ಟಕ್ಕೆ ಲೆಕ್ಕವಿಲ್ಲ.

ಇದ್ದೊಂದು ಕಣ್ಣನ್ನೂ ಮುಚ್ಚಿ
ಮೇಜಿನಾಚೆಗೆ ಕೈ ಚಾಚಿದ,
ತೋಳು, ಗಾಳಿ, ಹೆಂಗಸು, ಒಂದೊಂದನ್ನೇ ಮೆಲ್ಲಗೆ ದಾಟಿ
ಬೆರಳು ನಿಂತಿತು, ಗೋಡೆ ಮುಟ್ಟಿದವನ ಹಾಗೆ.
ಎರಡಂಗುಲ ಆಚೆ ಹೋಗಿತ್ತು.
ನಾನು ಹೇಳಲಿಲ್ಲ.