ಬಲಗಣ್ಣಿನ ಮೈಸೂರು

ಪೊರೆ ತೆಗೆಸಿ ಮೂವತ್ತು ದಿನ.
ಎಡಗಣ್ಣಿನದು ದೀಪಾವಳಿ ಕಳೆದ ಮೇಲೆ ಅಂದಿದ್ದಾರೆ ಡಾಕ್ಟರು.
ಅಲ್ಲಿಯವರೆಗೆ ನನ್ನ ಮುಖದಲ್ಲಿ ಎರಡು ಊರು.

"ಅಷ್ಟು ದುಡ್ಡು ಸುರಿದಿದ್ದೀಯ ಆ ಕಣ್ಣಿಗೆ,
ಏನಾದರೂ ತೋರಿಸೋದು ಬೇಡವೇನೆ?" ಅಂದಳು ಜುಲೇಖಾ.
ಅವಳ ಗುಂಡಿ-ದಾರದ ಅಂಗಡಿಗೆ ಬೀಗ,
ನನ್ನ ಹೊಲಿಗೆ ಮಿಷನ್ನಿಗೆ ಹಳೇ ಲಂಗದ ಮುಸುಕು.
ನಾಗಮಂಗಲದಿಂದ ಬೆಳಗಿನ ಕೆಂಪು ಬಸ್ಸು.
ಕೆಂಪು ಅಂದೆನಲ್ಲ, ನಿಜಕ್ಕೂ ಕೆಂಪೇ ಅದು.
ಇಷ್ಟು ವರ್ಷ ನಾನು ಹತ್ತಿಳಿದದ್ದು ಇಟ್ಟಿಗೆ ಬಣ್ಣದ್ದು.

ಧನ್ವಂತರಿ ರಸ್ತೆಯ ಲಾಡ್ಜು, ಮೂರನೇ ಮಹಡಿ.
ಕಿಟಕಿ ತೆಗೆದರೆ ನೀರಿನ ಟ್ಯಾಂಕು, ಯಾರದೋ ಟವೆಲ್ಲು,
ಅದರಾಚೆ ಬೆಟ್ಟ.
ಎಡಗಣ್ಣು ಮುಚ್ಚಿದೆ: ಹಸಿರು, ಮೇಲೊಂದು ನೀಲಿ,
ಅಂಚು ಹೊಸ ಕತ್ತರಿಯಲ್ಲಿ ಕತ್ತರಿಸಿದ ಹಾಗೆ.
ಬಲಗಣ್ಣು ಮುಚ್ಚಿದೆ: ಟೀ ಸೋಸುವ ಬಟ್ಟೆಯ ಮೇಲೊಂದು ಕಲೆ.
"ಬೆಟ್ಟಕ್ಕೆ ಯಾಕೆ ಕಣ್ಣು ಹೊಡೀತಿದ್ದೀಯ?"
ಹಲ್ಲುಜ್ಜುತ್ತಲೇ ಕೇಳಿದಳು.

ದೇವರಾಜ ಮಾರ್ಕೆಟ್ಟಿನಲ್ಲಿ
ಬಣ್ಣದ ಪುಡಿ ತಟ್ಟೆ ತಟ್ಟೆಯಲ್ಲಿ ಮೊನಚಾಗಿ ನಿಂತಿತ್ತು.
ಬೇರೆಯವರು ಫೋಟೋ ಹಿಡಿದರು.
ನಾನು ದಾರದ ನಂಬರು ಹೇಳುತ್ತ ನಡೆದೆ:
ಇದು ಐವತ್ತೆರಡು, ರಾಣಿ ಪಿಂಕು. ಇದು ನೂರಾ ಏಳು.
ಇದಕ್ಕೆ ರೀಲೇ ಇಲ್ಲ,
ಇಂಥ ನೀಲಿಗೆ ಯಾವ ಕಂಪನಿಯೂ ದಾರ ನೂತಿಲ್ಲ.
ಪುಡಿ ಮಾರುವ ಹುಡುಗ ಬೆರಳದ್ದಿ
ನನ್ನ ಮಣಿಕಟ್ಟಿಗೆ ಅದರದೇ ಚುಕ್ಕಿಯಿಟ್ಟ.
"ಸ್ಯಾಂಪಲ್ಲು ಅಮ್ಮ, ಫ್ರೀ."
ಎರಡು ದಿನ ಕೈ ತೊಳೆಯುವಾಗೆಲ್ಲ
ಬಳೆ ಹಿಂದೆ ಸರಿಸಿ ಅದನ್ನು ಕಾಪಾಡಿದೆ.

ಕಾರಂಜಿ ಕೆರೆಯ ನವಿಲು ಮಾತ್ರ ಅತಿಯಾಯಿತು ಅನಿಸಿತು.
ಗಿರಾಕಿ ಯಾರಾದರೂ ಅಂಥ ಡಿಸೈನು ಕೇಳಿದ್ದರೆ
ಸ್ವಲ್ಪ ಕಮ್ಮಿ ಮಾಡಿಸಿ ಅನ್ನುತ್ತಿದ್ದೆ.

ಅರಮನೆಯ ಗುಮ್ಮಟ ಗುಲಾಬಿ ಅಂತ ಯಾರೂ ಹೇಳಿರಲಿಲ್ಲ.
ಮದುವೆಯಾದ ಹೊಸದರಲ್ಲಿ ಬಂದಿದ್ದೆ, ನಿಜ.
ಆಗ ನೋಡಿದ್ದು ಗುಮ್ಮಟವನ್ನಲ್ಲ,
ಹೊಸ ಚಪ್ಪಲಿ ಕಚ್ಚಿದ ಹಿಮ್ಮಡಿಯನ್ನು.

ಭಾನುವಾರ, ಏಳು ಗಂಟೆ.
ಕತ್ತಲಲ್ಲಿ ಅರಮನೆ ಮಡಿಚಿಟ್ಟ ಬಟ್ಟೆ.
ಆಮೇಲೆ ಒಂದೇ ಸಲ
ಅಂಚಿಗೆಲ್ಲ ಬೆಳಕಿನ ಟಾಕಾ,
ಕಮಾನು ಬಿಡದೆ, ಕಂಬ ಬಿಡದೆ, ಒಂದು ಹೊಲಿಗೆ ತಪ್ಪದೆ.
ಎಡಗಣ್ಣಿನಲ್ಲಿ ದೀಪ ದೀಪಕ್ಕೂ ಉಣ್ಣೆ ಮೆತ್ತಿತ್ತು.
ಬಲಗಣ್ಣಿನಲ್ಲಿ ಬರೀ ಚುಕ್ಕಿ, ಚುಕ್ಕಿ, ಚುಕ್ಕಿ.
ಯಾವುದು ಚೆಂದ ಅಂತ ಕೇಳಬೇಡಿ.
ದೀಪಾವಳಿಯವರೆಗೆ ಎರಡೂ ನನ್ನವೇ.

ಆ ಬೆಳಕಿನಲ್ಲೇ ಕಂಡಿತು ಜುಲೇಖಾಳ ತೋಳು.
ನಾನೇ ಹೊಲಿದ ಕುರ್ತಾ, ಹೋದ ರಂಜಾನಿಗೆ,
ಅವಳಿಗೆ ಗೊತ್ತಾಗದಿರಲಿ ಅಂತ ಅವಳ ಅಂಗಡಿಗೆ ಹೋಗದೆ
ಮನೆಯಲ್ಲಿದ್ದ ದಾರದಲ್ಲೇ, ರಾತ್ರಿ ಕೂತು.
ನೇರಳೆ ಬಟ್ಟೆ.
ಕಂದು ದಾರ.
ಕಂಕುಳಿಂದ ಮುಂಗೈವರೆಗೆ, ನೇರ, ಅಚ್ಚುಕಟ್ಟು, ಕಂದು.

ನೆನಪಾಯಿತು: ಅಂಗಡಿಯಲ್ಲಿ ನಾನು ಮೂವತ್ತು ನಂಬರು ಕೇಳಿದರೆ
ಬಟ್ಟೆಯ ತುಂಡು ತಿರುಗಿಸಿ ನೋಡಿ ಅವಳು ಅನ್ನುತ್ತಿದ್ದದ್ದು
"ಅದು ಸ್ಟಾಕಿಲ್ಲ, ಇದು ತಗೋ."
ನಾಲ್ಕು ವರ್ಷ ಅವಳಲ್ಲಿ ಸ್ಟಾಕಿರಲಿಲ್ಲ.
ನಾಲ್ಕು ವರ್ಷ ನನ್ನ ಒಂದು ರವಿಕೆಯೂ ವಾಪಸು ಬರಲಿಲ್ಲ.

"ಇದನ್ನ ಯಾಕೆ ಹಾಕ್ಕೊಂಡು ಬಂದೆ?" ಕೇಳಿದೆ.
"ಯಾಕೆ, ಚೆನ್ನಾಗಿಲ್ವಾ?
ಡ್ರಾಪ್ಸ್ ಹೊತ್ತಾಯ್ತು, ತಲೆ ಎತ್ತು."
ಆ ಜನದ ನೂಕಿನಲ್ಲೇ ಗದ್ದ ಹಿಡಿದು ಬಿಟ್ಟಳು.
ಎರಡು ಹನಿ. ಅರಮನೆ ಬಲಗಣ್ಣಿನಲ್ಲೂ ಕರಗಿತು.
ಮೂರನೆಯದೊಂದು ಕೆನ್ನೆಗಿಳಿಯಿತು, ಔಷಧದ್ದಲ್ಲ.
ತೋಳಿನಿಂದಲೇ ಒರೆಸಿದಳು.
ಆ ದಾರ ಸ್ವಲ್ಪ ಒರಟು.